ಹಣ ಬಂದಿತ್ತು, ಯಾರದೆಂದು ತಿಳಿದಿರಲಿಲ್ಲ: ಬೇಡವಾದ ಟಿಕೆಟ್ ಮಾರಾಟದ ಒಂದು ಪ್ರಕರಣ

ಈ ಪ್ರಕರಣದಲ್ಲಿ ಬರುವವರ ಹೆಸರು, ಊರು, ಉದ್ಯೋಗಗಳನ್ನು ಬದಲಿಸಲಾಗಿದೆ. ಟಿಕೆಟ್ ಮಾರಿದ ಆ್ಯಪ್, ಕಾರ್ಯಕ್ರಮ, ಬ್ಯಾಂಕು, ಆಸ್ಪತ್ರೆ ಯಾವುದನ್ನೂ ಹೆಸರಿಸಿಲ್ಲ. ಮೊತ್ತಗಳು, ದಿನಗಳ ಅಂತರ ಮತ್ತು ಘಟನೆಗಳು ನಡೆದ ಕ್ರಮ ಮಾತ್ರ ಇದ್ದ ಹಾಗೆಯೇ ಇವೆ. ನಾನು ನಿವೃತ್ತ ಬ್ಯಾಂಕ್ ಅಧಿಕಾರಿ. ಖಾತೆ ಸ್ತಂಭನಗೊಂಡ ಮೇಲೆ ಅರ್ಜಿ ಬರೆದುಕೊಡಬೇಕೆಂದು ಪರಿಚಯದವರೊಬ್ಬರು ಕರೆದದ್ದರಿಂದ ಈ ವಿಷಯ ನನ್ನ ಬಳಿಗೆ ಬಂತು. ಆದ್ದರಿಂದ ಮೊದಲರ್ಧವನ್ನು ಕೇಳಿ ತಿಳಿದು, ಉಳಿದರ್ಧವನ್ನು ಕಣ್ಣಾರೆ ಕಂಡು ಬರೆದಿದ್ದೇನೆ.

ಹಿನ್ನೆಲೆ

ಮಾರಾಟಗಾರ್ತಿಯನ್ನು ಸುಮಾ ಎಂದು ಕರೆಯೋಣ. ಮೈಸೂರಿನ ಖಾಸಗಿ ಕಾಲೇಜೊಂದರಲ್ಲಿ ಉಪನ್ಯಾಸಕಿ ಎಂದಿಟ್ಟುಕೊಳ್ಳೋಣ. 2025ರ ಆರಂಭದ ತಿಂಗಳುಗಳಲ್ಲಿ ಬೆಂಗಳೂರಿನ ಹೊರವಲಯದ ಮೈದಾನದಲ್ಲಿ ನಡೆಯಲಿದ್ದ ದೊಡ್ಡ ಸಂಗೀತ ಕಾರ್ಯಕ್ರಮಕ್ಕೆ ಆಕೆ ನಾಲ್ಕು ಟಿಕೆಟ್ ಕೊಂಡಿದ್ದರು: ತಮಗೆ, ಪತಿಗೆ, ತಂಗಿಗೆ ಮತ್ತು ತಂಗಿಯ ಗಂಡನಿಗೆ. ಒಂದಕ್ಕೆ 6,500 ರೂಪಾಯಿಯಂತೆ ಒಟ್ಟು 26,000 ರೂಪಾಯಿ. ಆ್ಯಪ್‌ನವರ ಸೇವಾ ಶುಲ್ಕ ಬೇರೆ. ಕಾರ್ಯಕ್ರಮಕ್ಕೆ ಮೂರು ವಾರ ಇರುವಾಗ ಮಾವನವರಿಗೆ ಎದೆನೋವು ಕಾಣಿಸಿಕೊಂಡಿತು, ಪರೀಕ್ಷೆಗಳಾದವು, ಬೈಪಾಸ್ ಶಸ್ತ್ರಚಿಕಿತ್ಸೆಗೆ ಗೊತ್ತಾದ ದಿನ ಕಾರ್ಯಕ್ರಮದ ವಾರದಲ್ಲೇ ಬಂತು. ಮನೆ ನೋಡಿಕೊಳ್ಳಲು ತಂಗಿಯೇ ಬರಬೇಕಾದ್ದರಿಂದ ನಾಲ್ಕೂ ಟಿಕೆಟ್‌ಗಳು ಒಮ್ಮೆಗೇ ಬೇಡವಾದವು.

ಟಿಕೆಟ್‌ಗಳ ಮರುಮಾರಾಟದ ಬಗ್ಗೆ ಆಗಷ್ಟೇ ದೇಶದಲ್ಲಿ ದೊಡ್ಡ ಗದ್ದಲವೆದ್ದು ತಣ್ಣಗಾಗಿತ್ತು. ಬ್ರಿಟನ್ನಿನ ರಾಕ್ ಸಂಗೀತ ತಂಡ ಕೋಲ್ಡ್‌ಪ್ಲೇಯ 2025ರ ಜನವರಿಯ ಮುಂಬಯಿ ಕಾರ್ಯಕ್ರಮಗಳಿಗೆ 2024ರ ಸೆಪ್ಟೆಂಬರ್ 22ರಂದು ಬುಕಿಂಗ್ ತೆರೆದಾಗ 2,500ರಿಂದ 35,000 ರೂಪಾಯಿಯವರೆಗಿನ ಟಿಕೆಟ್‌ಗಳು ಕೂಡಲೇ ಮುಗಿದು, ಬೇರೆ ತಾಣಗಳಲ್ಲಿ ಲಕ್ಷಗಳ ಲೆಕ್ಕದಲ್ಲಿ ಕಾಣಿಸಿಕೊಂಡಿದ್ದವು. ಪೊಲೀಸ್ ತನಿಖೆಯೂ ನಡೆದಿತ್ತು. ಅದೇ ತಿಂಗಳ ಕೊನೆಯಲ್ಲಿ ಜೊಮಾಟೊ ಸಂಸ್ಥೆ, ಕೊಂಡ ಟಿಕೆಟ್ಟನ್ನು ತನ್ನ ಆ್ಯಪ್‌ನೊಳಗೇ ಮಾರುವ ಸೌಲಭ್ಯವೊಂದನ್ನು ಪ್ರಕಟಿಸಿತು. ಅಲ್ಲಿ ಟಿಕೆಟ್ ಮಾರಾಟವಾದೊಡನೆ ಹಳೆಯದು ರದ್ದಾಗಿ ಹೊಸಬರ ಹೆಸರಿಗೆ ಹೊಸ ಟಿಕೆಟ್ ಹುಟ್ಟುತ್ತಿತ್ತು. ಹಣವೂ ಆ ಆ್ಯಪ್‌ನವರ ಕೈಯಿಂದಲೇ ಬರುತ್ತಿತ್ತು. ಮಾರುವವರಿಗೂ ಕೊಳ್ಳುವವರಿಗೂ ಇದಕ್ಕಿಂತ ನೆಮ್ಮದಿಯ ವ್ಯವಸ್ಥೆ ಸದ್ಯಕ್ಕೆ ನನಗೆ ಕಾಣುವುದಿಲ್ಲ.

ಸುಮಾ ಟಿಕೆಟ್ ಕೊಂಡಿದ್ದ ಆ್ಯಪ್‌ನಲ್ಲಿ ಆ ಅನುಕೂಲವಿರಲಿಲ್ಲ. ಅಲ್ಲಿದ್ದದ್ದು ವರ್ಗಾವಣೆ ಮಾತ್ರ. ಒಂದು ಮೊಬೈಲ್ ಸಂಖ್ಯೆಗೆ ಟಿಕೆಟ್ ಕಳಿಸಬಹುದು, ಆ ಕಡೆಯವರು ಒಪ್ಪಿಕೊಂಡ ಕ್ಷಣ ಅದು ನಮ್ಮ ಖಾತೆಯಿಂದ ಅಳಿಸಿಹೋಗುತ್ತದೆ. ಪ್ರವೇಶದ ಕ್ಯೂಆರ್ ಕೋಡ್ ಕಾರ್ಯಕ್ರಮಕ್ಕೆ 24 ಗಂಟೆ ಇರುವಾಗಷ್ಟೇ ತೆರೆಯುತ್ತದೆ. ಒಂದೇ ಕೋಡನ್ನು ನಾಲ್ಕು ಜನರಿಗೆ ಮಾರುವ ಹಳೆಯ ಮೋಸ ಇದರಿಂದ ತಪ್ಪುತ್ತದೆ, ಹಾಗಾಗಿ ಕೊಳ್ಳುವವರಿಗೆ ಇದು ಒಳ್ಳೆಯದೇ. ಮಾರುವವರ ಮಟ್ಟಿಗೆ ಒಂದು ತೊಡಕು ಉಳಿಯುತ್ತದೆ. ಹೋದ ಟಿಕೆಟ್ಟನ್ನು ಹಿಂದಕ್ಕೆ ಕರೆಯಲಾಗುವುದಿಲ್ಲ, ಆದರೆ ಬಂದ ಹಣವನ್ನು ದೂರಿನ ಮೇಲೆ ಪೊಲೀಸರು ತಡೆಹಿಡಿಯಬಹುದು. ಪ್ರಕರಣವೆಲ್ಲ ನಿಂತಿರುವುದು ಈ ಅಸಮತೋಲನದ ಮೇಲೆ.

ಕಾನೂನಿನ ಮಾತನ್ನೂ ಇಲ್ಲೇ ಹೇಳಿಬಿಡುತ್ತೇನೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 112ನೇ ಕಲಂ ಸಣ್ಣ ಪ್ರಮಾಣದ ಸಂಘಟಿತ ಅಪರಾಧಗಳ ಪಟ್ಟಿಯಲ್ಲಿ ಅನಧಿಕೃತ ಟಿಕೆಟ್ ಮಾರಾಟವನ್ನೂ ಸೇರಿಸಿದೆ. ಅದು ಗುಂಪು ಕಟ್ಟಿಕೊಂಡು ದಂಧೆ ನಡೆಸುವವರ ಕುರಿತದ್ದು. ಹೋಗಲಾಗದ ಕಾರ್ಯಕ್ರಮದ ಸ್ವಂತ ಟಿಕೆಟ್ಟನ್ನು ಕೊಂಡ ಬೆಲೆಗೇ ದಾಟಿಸುವ ಉಪನ್ಯಾಸಕಿಯ ವಿಷಯ ಬೇರೆ. ಆದರೂ ಬೆಲೆ ಏರಿಸಿದಷ್ಟೂ ಎರಡರ ನಡುವಿನ ಗೆರೆ ತೆಳುವಾಗುತ್ತದೆ.

ಮೊದಲ ಪ್ರಯತ್ನಗಳು

ಆ್ಯಪ್‌ನವರಿಗೆ ಸುಮಾ ಬರೆದ ಮೊದಲ ಪತ್ರಕ್ಕೆ, ಕಾರ್ಯಕ್ರಮವೇ ರದ್ದಾದರೆ ಮಾತ್ರ ಹಣ ಹಿಂತಿರುಗಿಸಲಾಗುವುದು ಎಂಬ ಸಿದ್ಧ ಉತ್ತರ ಬಂತು. ಆಸ್ಪತ್ರೆಯ ದಾಖಲೆ ಲಗತ್ತಿಸಿ ಮತ್ತೆ ಬರೆದಾಗಲೂ ಅದೇ ಉತ್ತರ. ನಂತರ ಕಾಲೇಜಿನ ವಾಟ್ಸ್ಆ್ಯಪ್ ಗುಂಪಿನಲ್ಲಿ ಹಾಕಿದರು. ಸಹೋದ್ಯೋಗಿಯೊಬ್ಬರು ಎರಡು ಟಿಕೆಟ್ ಬೇಕೆಂದು ಹೇಳಿ, ನಾಲ್ಕು ದಿನ ಕಾಯಿಸಿ, ಮಗನ ಪರೀಕ್ಷೆ ಇದೆಯೆಂದು ಹಿಂದೆ ಸರಿದರು. ಪರಿಚಯದವರಿಗೆ ಮಾರುವುದೇ ಕ್ಷೇಮವೆಂದು ಎಲ್ಲರೂ ಹೇಳುತ್ತಾರೆ, ನಾನೂ ಹೇಳುತ್ತೇನೆ. ಆದರೆ ಪರಿಚಯದವರಿಂದ ಮುಂಗಡ ಕೇಳಲು ಸಂಕೋಚವಾಗಿ ಒಳ್ಳೆಯ ದಿನಗಳು ಕಳೆದುಹೋಗುತ್ತವೆ ಎಂಬುದನ್ನೂ ಸೇರಿಸಬೇಕು.

ಈ ಹಂತದಲ್ಲಿ ಬೆಲೆಯ ಪ್ರಶ್ನೆ ಬಂತು. ಆ ವರ್ಗದ ಟಿಕೆಟ್ ಮುಗಿದುಹೋಗಿದ್ದರಿಂದ ಹೊರಗೆ 9,000 ರೂಪಾಯಿಗೂ ಕೇಳುವವರಿದ್ದರು. ಆಸ್ಪತ್ರೆಯ ಖರ್ಚಿನ ಹೊತ್ತಿನಲ್ಲಿ ಪತಿಗೆ ಅದು ಸರಿಯೆನಿಸಿದ್ದರಲ್ಲಿ ಆಶ್ಚರ್ಯವಿಲ್ಲ. ಸುಮಾ ಒಪ್ಪಲಿಲ್ಲ. "ಕೊಟ್ಟಷ್ಟು ಬಂದರೆ ಸಾಕು ಕಣ್ರೀ, ಈ ಹೊತ್ತಿನಲ್ಲಿ ಇನ್ನೊಂದು ತಲೆನೋವು ಬೇಡ" ಎಂದರಂತೆ. ತಲೆನೋವು ಹೇಗೂ ಬಂತು. ಆದರೆ ಮುಂದೆ ತನಿಖಾಧಿಕಾರಿ ಸಂದೇಶಗಳನ್ನೆಲ್ಲ ಓದಿದಾಗ, ಕೊಂಡ ಬೆಲೆಗಿಂತ ಒಂದು ರೂಪಾಯಿಯನ್ನೂ ಹೆಚ್ಚು ಕೇಳದ ಆ ಸಾಲುಗಳು ಯಾವ ವಕೀಲರ ಪತ್ರಕ್ಕೂ ಕಡಿಮೆಯಿಲ್ಲದ ಕೆಲಸ ಮಾಡಿದವು.

ಕಾರ್ಯಕ್ರಮಕ್ಕೆ ಒಂಬತ್ತು ದಿನವಿದ್ದಾಗ, ಗುರುವಾರ, ಅವರು ಸಾಮಾಜಿಕ ಜಾಲತಾಣದಲ್ಲಿ ಟಿಕೆಟ್‌ಗಳು ಮಾರಾಟಕ್ಕಿವೆ ಎಂದು ಬರೆದರು. ನಂಬಿಕೆ ಬರಲೆಂದು ಬುಕಿಂಗ್‌ನ ಸ್ಕ್ರೀನ್‌ಶಾಟನ್ನೂ ಹಾಕಿದರು. ಬುಕಿಂಗ್ ಸಂಖ್ಯೆಯ ಕೊನೆಯ ಅಂಕಿಗಳನ್ನು ಮರೆಮಾಡಿದ್ದರು; ಕಾರ್ಯಕ್ರಮ, ಆಸನದ ವರ್ಗ, ಟಿಕೆಟ್‌ಗಳ ಎಣಿಕೆ, ಕೊಟ್ಟ ಮೊತ್ತ ಎಲ್ಲವೂ ಕಾಣುತ್ತಿದ್ದವು. ಆಗ ಅದರಲ್ಲಿ ಯಾರಿಗೂ ತಪ್ಪು ಕಾಣಲಿಲ್ಲ.

ಅಂದೇ ಸಂಜೆ ಬಂದ ಮೊದಲ ಗಿರಾಕಿ ತಾನು ಸೈನ್ಯದಲ್ಲಿದ್ದೇನೆಂದು ಗುರುತಿನ ಚೀಟಿಯ ಚಿತ್ರ ಕಳಿಸಿ, ಹಣ ಪಡೆಯಲು ತಾನು ಕಳಿಸುವ ಕೋಡ್ ಸ್ಕ್ಯಾನ್ ಮಾಡಿ ಯುಪಿಐ ಪಿನ್ ಒತ್ತಬೇಕೆಂದ. ಹಣ ಪಡೆಯಲು ಪಿನ್ ಬೇಕಾಗುವುದೇ ಇಲ್ಲ ಎಂಬುದು ಸುಮಾ ಅವರಿಗೆ ಗೊತ್ತಿತ್ತು, ಆ ಸಂಖ್ಯೆಯನ್ನು ಬ್ಲಾಕ್ ಮಾಡಿದರು. ಇದೇ ಮೋಸದ ಇನ್ನೊಂದು ರೂಪವಾಗಿದ್ದ, ವ್ಯಕ್ತಿಯಿಂದ ವ್ಯಕ್ತಿಗೆ ಹಣ ಕೋರಿಕೆ ಕಳಿಸುವ ಸೌಲಭ್ಯವನ್ನು ಯುಪಿಐ ನಡೆಸುವ ಸಂಸ್ಥೆಯಾದ ಎನ್‌ಪಿಸಿಐ 2025ರ ಅಕ್ಟೋಬರ್‌ನಿಂದ ನಿಲ್ಲಿಸಿದೆ. ನನ್ನ ಅಭಿಪ್ರಾಯದಲ್ಲಿ ಈ ಗಿರಾಕಿ ಮಾಡಿದ ಹಾನಿ ಬೇರೆಯದು. ಒಬ್ಬ ಕಳ್ಳನನ್ನು ಗುರುತಿಸಿದೆನೆಂಬ ಧೈರ್ಯ ಸುಮಾ ಅವರಿಗೆ ಬಂತು, ಮರುದಿನ ಬಂದವನನ್ನು ಅವರು ಅದೇ ಅಳತೆಗೋಲಿನಿಂದ ಅಳೆದರು.

ಶುಕ್ರವಾರ ರಾತ್ರಿ

ಮರುದಿನದವನು ಮರ್ಯಾದಸ್ಥನಂತೆ ಮಾತಾಡಿದ. ಚೌಕಾಸಿ ಮಾಡಲಿಲ್ಲ. ಸದ್ಯಕ್ಕೆ ಎರಡು ಟಿಕೆಟ್ ಸಾಕು, ಉಳಿದೆರಡನ್ನು ಗೆಳೆಯರನ್ನು ಕೇಳಿ ಹೇಳುತ್ತೇನೆ ಎಂದ. ಪಿನ್ ಕೇಳಲಿಲ್ಲ, ಕೊಂಡಿ ಕಳಿಸಲಿಲ್ಲ, "ನಿಮ್ಮ ಕ್ಯೂಆರ್ ಕಳಿಸಿ ಮೇಡಂ, ಮೊದಲು ಒಂದು ರೂಪಾಯಿ ಹಾಕುತ್ತೇನೆ, ಬಂತಾ ನೋಡಿ ಹೇಳಿ" ಎಂದ. ಒಂದು ರೂಪಾಯಿ ಬಂತು. ಎರಡು ನಿಮಿಷಕ್ಕೆ 12,999 ರೂಪಾಯಿ ಬಂತು. ಸುಮಾ ಅವನು ಕಳಿಸಿದ ಚಿತ್ರವನ್ನು ನಂಬದೆ ಬ್ಯಾಂಕಿನ ಆ್ಯಪ್ ತೆರೆದು ಖಾತೆಯಲ್ಲೇ ನೋಡಿದರು. ಹಣ ನಿಜವಾಗಿಯೂ ಇತ್ತು.

ಹಣ ಕಳಿಸಿದವರ ಹೆಸರು ಮಾತ್ರ ಬೇರೆ ಇತ್ತು. ಅವರು ಅದನ್ನು ಗಮನಿಸಿದರು, ಕೇಳಿಯೂ ಕೇಳಿದರು. "ಅದು ನನ್ನ ತಮ್ಮನ ಅಕೌಂಟ್ ಮೇಡಂ, ನನ್ನ ಯುಪಿಐ ಮಿತಿ ಇವತ್ತು ಮುಗಿದಿದೆ" ಎಂಬ ಉತ್ತರ ಬಂತು. ದಿನದ ಮಿತಿ ಎಂಬುದು ನಿಜವಾಗಿಯೂ ಇರುವುದರಿಂದ ಉತ್ತರ ಸಹಜವಾಗಿಯೇ ಕೇಳಿಸಿತು. ರಾತ್ರಿ 9 ಗಂಟೆ 40 ನಿಮಿಷಕ್ಕೆ ಎರಡು ಟಿಕೆಟ್‌ಗಳು ಅವನು ಹೇಳಿದ ಮೊಬೈಲ್ ಸಂಖ್ಯೆಗೆ ಹೋದವು; ಮೂರು ನಿಮಿಷದಲ್ಲಿ ಒಪ್ಪಿಗೆಯೂ ಬಂತು. ಆಮೇಲೆ ಅವನಿಂದ ಸದ್ದಿಲ್ಲ.

ಖಾತೆ ನಿಂತ ದಿನ

ಸೋಮವಾರ ಬೆಳಿಗ್ಗೆ ಆಸ್ಪತ್ರೆಯ ಔಷಧಿ ಕೌಂಟರಿನಲ್ಲಿ 3,400 ರೂಪಾಯಿ ಪಾವತಿಸಲು ಹೋದಾಗ ಸುಮಾ ಅವರ ಸಂಬಳದ ಖಾತೆಯಿಂದ ಹಣ ಹೋಗಲಿಲ್ಲ. ಸರ್ವರ್ ತೊಂದರೆಯೆಂದುಕೊಂಡು ಪತಿಯ ಫೋನಿನಿಂದ ಕೊಟ್ಟರು. ಮಧ್ಯಾಹ್ನ ಶಾಖೆಗೆ ಹೋದಾಗ ವ್ಯವಸ್ಥಾಪಕರು ಪರದೆ ತಿರುಗಿಸಿ ತೋರಿಸಿದರು: ಖಾತೆಗೆ ಡೆಬಿಟ್ ಫ್ರೀಜ್, ಅಂದರೆ ಖಾತೆಯಿಂದ ಹಣ ಹೊರಹೋಗದಂತೆ ತಡೆ. "ಮೇಡಂ, ಇದು ನಮ್ಮ ಕೈಯಲ್ಲಿಲ್ಲ, ಸೈಬರ್ ಪೋರ್ಟಲ್‌ನಿಂದ ಬಂದಿದೆ" ಎಂದರು. ಮಾವನವರ ಶಸ್ತ್ರಚಿಕಿತ್ಸೆಗೆ ಎರಡು ದಿನ ಬಾಕಿ ಇತ್ತು.

ಅಂದು ಸಂಜೆ ನಾನು ಅವರ ಮನೆಗೆ ಹೋದೆ. ಮೊದಲು ಬೇಕಾದದ್ದು ಎರಡು ವಿವರಗಳು: ದೂರಿನ ಸ್ವೀಕೃತಿ ಸಂಖ್ಯೆ ಮತ್ತು ಅದು ಯಾವ ಠಾಣೆಯ ವ್ಯಾಪ್ತಿಗೆ ಸೇರಿದ್ದು ಎಂಬುದು. ಬ್ಯಾಂಕಿನವರ ಬಳಿ ಇವೆರಡೂ ಇರುತ್ತವೆ. ಕೇಳಿದರೆ ಕೊಡುತ್ತಾರೆ, ಕೇಳದಿದ್ದರೆ ಹೇಳುವುದು ಅಪರೂಪ. ದೂರು ನೆರೆರಾಜ್ಯದ ನಗರವೊಂದರದು, ಮೊತ್ತ 13,000 ರೂಪಾಯಿ, ಸುಮಾ ಅವರ ಖಾತೆ ಹಣದ ಜಾಡಿನಲ್ಲಿ ಮೊದಲ ಪದರ. ಸೈಬರ್ ವಂಚನೆಯ ದೂರು ಪಡೆಯುವ 1930 ಸಹಾಯವಾಣಿಗೆ ಅಥವಾ ಅದರ ಜಾಲತಾಣಕ್ಕೆ ದೂರು ಬಂದ ಕೂಡಲೇ ಹಣ ಸೇರಿದ ಖಾತೆ, ಅಲ್ಲಿಂದ ಮುಂದೆ ಹೋದ ಖಾತೆ ಎಂದು ಪದರ ಪದರವಾಗಿ ಬ್ಯಾಂಕುಗಳಿಗೆ ಸೂಚನೆ ಹೋಗುತ್ತದೆ. ಖಾತೆದಾರ ಕಳ್ಳನೋ ಅಲ್ಲವೋ ಎಂದು ವಿಚಾರಿಸುತ್ತ ಕೂತರೆ ಅಷ್ಟರಲ್ಲಿ ಹಣ ಹತ್ತು ಕೈ ದಾಟಿರುತ್ತದೆ. ಆದ್ದರಿಂದ ಮೊದಲು ತಡೆ, ಆಮೇಲೆ ವಿಚಾರಣೆ. ಸೇವೆಯಲ್ಲಿದ್ದಾಗ ಈ ವ್ಯವಸ್ಥೆಯ ವೇಗವನ್ನು ಮೆಚ್ಚಿಕೊಂಡವನು ನಾನು. ಮೇಜಿನ ಈಚೆ ಬದಿಯಲ್ಲಿ ಕೂತು ನೋಡಿದಾಗ ಅದು ಬೇರೆಯೇ ಥರ ಕಂಡಿತು.

ಆ ರಾತ್ರಿ ಎರಡು ಅರ್ಜಿ ಬರೆದೆವು. ಬ್ಯಾಂಕಿಗೆ ಬರೆದದ್ದರಲ್ಲಿ, ವಿವಾದದ ಮೊತ್ತ 13,000 ಮಾತ್ರವಾದ್ದರಿಂದ ಅಷ್ಟನ್ನು ಹಿಡಿದಿಟ್ಟು ಉಳಿದ ಖಾತೆಯನ್ನು ಬಿಡುಗಡೆ ಮಾಡಬೇಕೆಂದು ಕೋರಿದೆವು. ಇಂಥ ಪ್ರಕರಣಗಳಲ್ಲಿ ತಡೆಯನ್ನು ವಿವಾದದ ಮೊತ್ತಕ್ಕೆ ಸೀಮಿತಗೊಳಿಸಬೇಕೆಂಬ ಧಾಟಿಯಲ್ಲಿ ಕೇರಳ ಹೈಕೋರ್ಟ್ 2023ರಲ್ಲಿ ತೀರ್ಪು ನೀಡಿದ್ದನ್ನೂ ಉಲ್ಲೇಖಿಸಿದೆವು. ತನಿಖಾಧಿಕಾರಿಗೆ ಕಳಿಸಿದ ಇಮೇಲ್‌ನಲ್ಲಿ ಟಿಕೆಟ್ ಕೊಂಡ ರಸೀದಿ, ಗಿರಾಕಿಯೊಂದಿಗಿನ ಮಾತುಕತೆ ಪೂರ್ತಿ, ಎರಡೂ ಪಾವತಿಗಳ 12 ಅಂಕಿಯ ಉಲ್ಲೇಖ ಸಂಖ್ಯೆ, ಟಿಕೆಟ್ ಯಾವ ಮೊಬೈಲ್‌ಗೆ ಎಷ್ಟು ಗಂಟೆಗೆ ಹೋಯಿತೆಂಬ ದಾಖಲೆ ಇವನ್ನೆಲ್ಲ ಸಮಯದ ಕ್ರಮದಲ್ಲಿ ಜೋಡಿಸಿದೆವು. ಸುಮಾ ಸಂದೇಶಗಳನ್ನು ಅಳಿಸದೆ ಇಟ್ಟುಕೊಂಡಿದ್ದರಿಂದ ಇದು ಒಂದೇ ರಾತ್ರಿಯಲ್ಲಿ ಆಯಿತು. ಬುಧವಾರ ಬೆಳಿಗ್ಗೆ, ಮಾವನವರನ್ನು ಒಳಗೆ ಕರೆದೊಯ್ದ ಹೊತ್ತಿಗೆ, 13,000 ರೂಪಾಯಿ ಬಿಟ್ಟು ಉಳಿದ ಖಾತೆ ತೆರೆಯಿತು.

ಒಂದು ಪ್ರಶ್ನೆ, ಎರಡು ಸುಳ್ಳು

ಅಂದೇ ಸಂಜೆ ನೆರೆರಾಜ್ಯದಿಂದ ಪೊಲೀಸ್ ಅಧಿಕಾರಿಯೊಬ್ಬರು ಕರೆ ಮಾಡಿದರು. ಸುಮಾ ಈ ಬಾರಿ ಮಾಡಿದ ಕೆಲಸವನ್ನು ನಾನು ಎಲ್ಲರಿಗೂ ಹೇಳುತ್ತೇನೆ: ನಮಸ್ಕರಿಸಿ, ಹತ್ತು ನಿಮಿಷ ಬಿಟ್ಟು ತಾವೇ ಕರೆ ಮಾಡುವುದಾಗಿ ತಿಳಿಸಿ ಫೋನ್ ಇಟ್ಟರು. ಆ ರಾಜ್ಯದ ಪೊಲೀಸ್ ಇಲಾಖೆಯ ಜಾಲತಾಣದಲ್ಲಿ ಠಾಣೆಯ ಸ್ಥಿರ ದೂರವಾಣಿ ಹುಡುಕಿ, ಅದಕ್ಕೆ ಕರೆ ಮಾಡಿ, ಆ ಹೆಸರಿನ ಅಧಿಕಾರಿ ಇದ್ದಾರೆಂದು ಖಚಿತಪಡಿಸಿಕೊಂಡು ಮಾತಾಡಿದರು. ಅಧಿಕಾರಿ ಬೇಸರಪಟ್ಟುಕೊಳ್ಳಲಿಲ್ಲ.

ಆಗ ತಿಳಿದ ಕಥೆ ಇದು. ಹಣ ಕಳಿಸಿದವನು ಇಂಜಿನಿಯರಿಂಗ್ ಓದುವ ಹುಡುಗ. ಟಿಕೆಟ್ ಬೇಕಾಗಿದೆ ಎಂದು ಜಾಲತಾಣದಲ್ಲಿ ಬರೆದುಕೊಂಡಿದ್ದ. ಒಬ್ಬ ಸಂಪರ್ಕಿಸಿ ತನ್ನಲ್ಲಿವೆ ಎಂದು ಸ್ಕ್ರೀನ್‌ಶಾಟ್ ಕಳಿಸಿದ. ಅದು ಸುಮಾ ಗುರುವಾರ ಹಾಕಿದ್ದ ಸ್ಕ್ರೀನ್‌ಶಾಟ್. ಇತ್ತ ಅದೇ ವ್ಯಕ್ತಿ ಸುಮಾ ಅವರೊಡನೆ ಕೊಳ್ಳುವವನಾಗಿ ಮಾತಾಡುತ್ತ, ಅವರಿಂದ ಪಡೆದ ಕ್ಯೂಆರ್ ಕೋಡನ್ನು ಹುಡುಗನಿಗೆ ದಾಟಿಸಿದ. ಒಂದು ರೂಪಾಯಿ ಹಾಕಿ ನೋಡು ಎಂದು ಹುಡುಗನಿಗೂ ಅವನೇ ಹೇಳಿದ್ದ. ಹುಡುಗನ ಪರದೆಯ ಮೇಲೆ ಹೆಂಗಸೊಬ್ಬರ ಹೆಸರು ಕಂಡಾಗ ಅವನೂ ಪ್ರಶ್ನೆ ಕೇಳಿದ. ಅದು ತನ್ನ ಅಕ್ಕನ ಖಾತೆ ಎಂಬ ಉತ್ತರ ಸಿಕ್ಕಿತು. ಇಲ್ಲಿ ತಮ್ಮ, ಅಲ್ಲಿ ಅಕ್ಕ. ಹುಡುಗನ ಹಣ ಸುಮಾ ಅವರಿಗೆ, ಸುಮಾ ಅವರ ಟಿಕೆಟ್ ನಡುವಿನವನಿಗೆ. ಮೋಸಗಾರನ ಖಾತೆಗೆ ಒಂದು ಪೈಸೆಯೂ ಹೋಗಿಲ್ಲವಾದ್ದರಿಂದ ಬ್ಯಾಂಕಿನ ಜಾಡಿನಲ್ಲಿ ಅವನು ಇಲ್ಲವೇ ಇಲ್ಲ. ಅಲ್ಲಿ ಕಾಣುವುದು ಇಬ್ಬರು ಪ್ರಾಮಾಣಿಕರು ಮಾತ್ರ, ಅದರಲ್ಲಿ ಒಬ್ಬರು ದೂರುದಾರ, ಇನ್ನೊಬ್ಬರು ಆರೋಪಿಯ ಜಾಗದಲ್ಲಿ.

ಉಳಿದೆರಡು ಟಿಕೆಟ್‌ಗಳ ತೀರ್ಮಾನ

ಗುರುವಾರ ಮನೆಯವರೆಲ್ಲ ಕೂತು ಮಾತಾಡಿದರು. ಕಾರ್ಯಕ್ರಮಕ್ಕೆ ಎರಡೇ ದಿನ. ಸುಮಾ ಅವರ ಕೈಯಲ್ಲಿ ಇನ್ನೂ ಎರಡು ಟಿಕೆಟ್‌ಗಳಿದ್ದವು. ಹುಡುಗನಿಗೆ ಬೇಕಾದದ್ದೂ ಎರಡೇ.

ಪತಿಯ ವಾದ ಸರಳವಾಗಿತ್ತು. ನಾವು ಯಾರಿಗೂ ಮೋಸ ಮಾಡಿಲ್ಲ, ಕೊಡಬೇಕಾದ ಟಿಕೆಟ್ ಕೊಟ್ಟಿದ್ದೇವೆ, ಇನ್ನೆರಡನ್ನು ಯಾಕೆ ಕಳೆದುಕೊಳ್ಳಬೇಕು? ನ್ಯಾಯದ ದೃಷ್ಟಿಯಿಂದ ಅವರ ಮಾತನ್ನು ತಳ್ಳಿಹಾಕುವಂತಿರಲಿಲ್ಲ. ಆದರೆ ಹಿಡಿದಿಟ್ಟ 13,000 ರೂಪಾಯಿ ಕೊನೆಗೆ ನ್ಯಾಯಾಲಯದ ಆದೇಶದ ಮೇಲೆ ದೂರುದಾರನಿಗೆ ಹಿಂತಿರುಗುವ ಸಾಧ್ಯತೆ ಹೆಚ್ಚಿತ್ತು. ಹಾಗಾದರೆ ಮೊದಲೆರಡು ಟಿಕೆಟ್ ಪುಕ್ಕಟೆ ಹೋದಂತೆಯೇ. ಹುಡುಗನಿಗೆ ಬೇರೆ ಖಾತೆಯಿಂದ 13,000 ಕಳಿಸಿಬಿಡೋಣ ಎಂದು ತಂಗಿಯ ಗಂಡ ಹೇಳಿದರು. ಅದು ಎಲ್ಲಕ್ಕಿಂತ ಅಪಾಯದ ದಾರಿ ಎಂದು ನಾನು ತಡೆದೆ. ಹಿಡಿದಿಟ್ಟ ಹಣವೂ ಮುಂದೆ ಅವನಿಗೇ ಹೋದರೆ ಎರಡು ಸಲ ಕೊಟ್ಟಂತಾಗುತ್ತದೆ, ಮತ್ತು ಖಾಸಗಿಯಾಗಿ ಹಣ ಕೊಟ್ಟದ್ದನ್ನು ತಪ್ಪೊಪ್ಪಿಗೆ ಎಂದು ಓದುವವರಿಗೂ ಅಡ್ಡಿಯಿಲ್ಲ.

ಸುಮಾ ಉಳಿದೆರಡು ಟಿಕೆಟ್‌ಗಳನ್ನು ಹುಡುಗನಿಗೆ ಕೊಡಲು ನಿರ್ಧರಿಸಿದರು. ಹೇಗೆ ಕೊಡುವುದು ಎಂಬುದರಲ್ಲಿ ಮಾತ್ರ ನನ್ನ ಮಾತು ಕೇಳಿದರು. ಮೊದಲು ಅಧಿಕಾರಿಗೆ ಇಮೇಲ್ ಬರೆದು, ತಪ್ಪು ಒಪ್ಪಿಕೊಳ್ಳುತ್ತಿಲ್ಲ, ಆದರೆ ದೂರುದಾರ ಒಪ್ಪಿದರೆ ಅದೇ ವರ್ಗದ ಎರಡು ಟಿಕೆಟ್ ಕೊಡಲು ಸಿದ್ಧ ಎಂದು ತಿಳಿಸಿದರು. ಹುಡುಗ ಅದೇ ಇಮೇಲ್‌ಗೆ ಉತ್ತರವಾಗಿ ಒಪ್ಪಿಗೆ ಬರೆದ. ಟಿಕೆಟ್‌ಗಳನ್ನು ದೂರಿನಲ್ಲಿ ನಮೂದಾಗಿದ್ದ ಮೊಬೈಲ್ ಸಂಖ್ಯೆಗೆ, ಆ ಸಂಖ್ಯೆಯನ್ನು ಅಧಿಕಾರಿಯ ಬಾಯಿಂದಲೇ ಕೇಳಿಕೊಂಡು, ಕಳಿಸಲಾಯಿತು. ಶುಕ್ರವಾರ ಮಧ್ಯಾಹ್ನ ಹುಡುಗ, ಟಿಕೆಟ್ ತಲುಪಿವೆ, ಆ ಮೊತ್ತದ ಮೇಲೆ ತನ್ನ ಹಕ್ಕಿಲ್ಲ ಎಂದು ಠಾಣೆಗೆ ಬರೆದ. ಶನಿವಾರ ಕಾರ್ಯಕ್ರಮ ನೋಡಿದ. 13,000 ರೂಪಾಯಿಯ ಮೇಲಿನ ತಡೆ ತೆರವಾಗಲು ಅಲ್ಲಿಂದ ಮುಂದೆ 24 ದಿನ ಬೇಕಾಯಿತು. ಎರಡು ಸಲ ನೆನಪಿನ ಪತ್ರ ಬರೆದೆವು. ಒಟ್ಟಾರೆ 26,000 ರೂಪಾಯಿಯ ನಾಲ್ಕು ಟಿಕೆಟ್ ಹೋಗಿ 13,000 ಬಂತು.

ಎಲ್ಲಿ ತಡೆಯಬಹುದಿತ್ತು

ಸ್ಕ್ರೀನ್‌ಶಾಟ್ ಹಾಕದಿದ್ದರೆ ಮೋಸಗಾರನಿಗೆ ಹುಡುಗನ ಮುಂದೆ ಹಿಡಿಯಲು ಸಾಕ್ಷ್ಯವೇ ಇರುತ್ತಿರಲಿಲ್ಲ. ಮಾತಿನಲ್ಲಿ ವಿವರ ಬರೆದು, ಗಟ್ಟಿ ಗಿರಾಕಿ ಬಂದ ಮೇಲೆ ವಿಡಿಯೊ ಕರೆಯಲ್ಲಿ ಆ್ಯಪ್ ತೆರೆದು ತೋರಿಸುವುದು ಸಾಕು. ಚಿತ್ರ ಕೊಡಲೇಬೇಕೆಂದರೆ ಅದರ ನಡುಮಧ್ಯೆ ಮಾರುವವರ ಹೆಸರು, ದಿನಾಂಕಗಳನ್ನು ದಪ್ಪಕ್ಷರದಲ್ಲಿ ಬರೆದು ಕೊಡಬೇಕು.

ಎರಡನೆಯದು ಹೆಸರು. ಸುಮಾ ಗಮನಿಸಲಿಲ್ಲವೆಂದು ಹೇಳುವಂತಿಲ್ಲ. ಗಮನಿಸಿದರು, ಆದರೆ ಪ್ರಶ್ನೆಯನ್ನು ಉತ್ತರಿಸಬಾರದವನ ಬಳಿ ಕೇಳಿದರು. ಹೆಸರು ಹೊಂದದಿದ್ದಾಗ ಕೇಳಬೇಕಾದದ್ದು ಹಣ ಕಳಿಸಿದವರನ್ನು. ನಾನು ಈಗ ಹೇಳಿಕೊಡುವ ಉಪಾಯ ಇದು: ಬಂದ ಹಣದ ಖಾತೆಗೇ ಒಂದು ರೂಪಾಯಿ ಹಿಂದಕ್ಕೆ ಕಳಿಸಿ, ಟಿಪ್ಪಣಿಯ ಜಾಗದಲ್ಲಿ "ಟಿಕೆಟ್ ಮಾರುವವಳು ನಾನೇ, ಕರೆ ಮಾಡಿ" ಎಂದು ತಮ್ಮ ಸಂಖ್ಯೆ ಬರೆಯುವುದು. ಆ ಸಾಲು ನಡುವಿನವನ ಫೋನಿಗೆ ಹೋಗುವುದಿಲ್ಲ, ಹಣದ ನಿಜವಾದ ಒಡೆಯನ ಫೋನಿಗೆ ಹೋಗುತ್ತದೆ. ಕರೆ ಬರುವವರೆಗೆ ಟಿಕೆಟ್ ಕೈಬಿಡಬಾರದು. ಮಾರಾಟದ ಪೂರ್ತಿ ವ್ಯವಸ್ಥೆ ಆ್ಯಪ್‌ನೊಳಗೇ ಇದ್ದರೆ ಇದಾವುದೂ ಬೇಕಿಲ್ಲ. ಟಿಕೆಟ್ ಕೊಳ್ಳುವ ಮೊದಲೇ ಅದನ್ನು ನೋಡಿಕೊಳ್ಳುವುದು ಲೇಸು.

ನಾಲ್ಕನ್ನೂ ಒಮ್ಮೆಗೇ ಕಳಿಸದೆ ಎರಡನ್ನು ಉಳಿಸಿಕೊಂಡದ್ದು ಎಚ್ಚರದಿಂದ ಆದದ್ದಲ್ಲ, ಅವನು ಕೇಳಿದ್ದು ಎರಡನ್ನೇ ಎಂಬ ಕಾರಣಕ್ಕೆ. ಆ ಎರಡು ಇರದಿದ್ದರೆ ಈ ಪ್ರಕರಣ ಇಷ್ಟು ಬೇಗ ಮುಗಿಯುತ್ತಿರಲಿಲ್ಲ.

ಮೊದಲೆರಡು ಟಿಕೆಟ್‌ಗಳ ಜಾಡನ್ನು ಅಧಿಕಾರಿ ಬಿಡಲಿಲ್ಲ. ಅವು ಹೋದ ಮೊಬೈಲ್ ಸಂಖ್ಯೆ ಇದಾವುದರ ಅರಿವೂ ಇಲ್ಲದ ಕೂಲಿಕಾರರೊಬ್ಬರ ಹೆಸರಿನಲ್ಲಿತ್ತು, ಆ ವಾರವೇ ಬಂದ್ ಆಗಿತ್ತು. ಆ್ಯಪ್‌ನವರು ಐದು ವಾರಗಳ ನಂತರ ಕೊಟ್ಟ ದಾಖಲೆಯ ಪ್ರಕಾರ ಅಲ್ಲಿಂದ ಟಿಕೆಟ್‌ಗಳು ಮತ್ತೊಂದು ಸಂಖ್ಯೆಗೆ ವರ್ಗವಾಗಿ, ಶನಿವಾರ ಸಂಜೆ ಪ್ರವೇಶದ್ವಾರದಲ್ಲಿ ಎರಡೂ ಕೋಡ್‌ಗಳು ಸ್ಕ್ಯಾನ್ ಆಗಿದ್ದವು. ಒಳಗೆ ಹೋದ ಆ ಇಬ್ಬರೂ ಯಾರಿಗೋ ನಗದು ಕೊಟ್ಟೇ ಕೊಂಡಿದ್ದರು, ಕಾರ್ಯಕ್ರಮ ನೋಡಿ ಮನೆಗೆ ಹೋಗಿದ್ದರು; ಅಧಿಕಾರಿ ಕರೆ ಮಾಡುವವರೆಗೆ ದೂರು ಕೊಡಲು ಅವರಿಗೆ ಕಾರಣವೇ ಇರಲಿಲ್ಲ.